ಇನ್ನೊಂದು ಕಡುಬು

ಅರಿಶಿನದ ಎಲೆ ಬೇಯುವಾಗ ಬರುವ ಪರಿಮಳವನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಮೊನ್ನೆ ಭಾನುವಾರ ಮಗಳು ಕಾಲೇಜು ಹಾಸ್ಟೆಲಿನಿಂದ ಬಂದಿದ್ದಳು. ಹಿತ್ತಲಿನ ಒಡಕು ಡ್ರಮ್ಮಿನಲ್ಲಿ ಬೆಳೆಸಿದ ಅರಿಶಿನದ ಎಲೆ ಕೊಯ್ದು ತಂದು, ಅದಕ್ಕೆ ಅಕ್ಕಿಹಿಟ್ಟು ಸವರಿ, ಕಾಯಿಬೆಲ್ಲದ ಹೂರಣವಿಟ್ಟು ಮಡಿಸಿ, ಹಬೆಯಲ್ಲಿ ಬೇಯಲು ಇಟ್ಟಿದ್ದೆ. ಮುಚ್ಚಳ ತೆಗೆದದ್ದೇ ತಡ, ಆ ಪರಿಮಳ ಎದ್ದು ಅಡುಗೆಮನೆಯೆಲ್ಲ ತುಂಬಿತು. ಮಗಳು ಒಳಗಿನಿಂದ, "ಅಮ್ಮಾ, ಕಡುಬು ಆಯ್ತಾ?" ಎಂದು ಕೂಗಿದಳು. ನಾನು ಮುಚ್ಚಳ ಕೈಯಲ್ಲಿ ಹಿಡಿದು ಎದುರಿನ ಗೋಡೆಯನ್ನೇ ನೋಡುತ್ತಾ ನಿಂತುಬಿಟ್ಟಿದ್ದೆ. ಆ ಗೋಡೆಯ ಆಚೆಗೆ ಈಗ ಮೊಬೈಲ್ ರಿಪೇರಿ ಮಾಡುವವರ ಸಂಸಾರ ಇದೆ. ಮೊದಲು ಅಲ್ಲಿ ಅಕ್ಕ ಇದ್ದರು...

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲುಮನೆಗಳು ನಮ್ಮವು. ಒಂದು ಮನೆಗೂ ಇನ್ನೊಂದು ಮನೆಗೂ ಒಂದೇ ಗೋಡೆ. ಆಚೆ ಮನೆಯಲ್ಲಿ ಒಗ್ಗರಣೆ ಸಿಡಿದರೆ ಈಚೆ ಮನೆಯವರಿಗೆ ಸೀನು ಬರುತ್ತಿತ್ತು. ನಾನು ಬಾಳೆಹೊನ್ನೂರಿನ ಕಡೆಯಿಂದ ಮದುವೆಯಾಗಿ, ಒಂದು ಹೊಲಿಗೆ ಮೆಷಿನ್ನಿನ ಜೊತೆ ಈ ಮನೆಗೆ ಬಂದವಳು. ಯಾರ ಪರಿಚಯವೂ ಇರಲಿಲ್ಲ. ಬಂದ ದಿನವೇ ಬಾಳೆ ಎಲೆ ಮುಚ್ಚಿದ ತಟ್ಟೆ ಹಿಡಿದು ಬಾಗಿಲಿಗೆ ಬಂದವರು ಪಕ್ಕದ ಮನೆಯ ಅಕ್ಕ. ತವರು ಶೃಂಗೇರಿ ಹತ್ತಿರದ ನೆಮ್ಮಾರ್. ಅವರ ಗಂಡ ಹೈಸ್ಕೂಲ್ ಮೇಷ್ಟ್ರು. ಅಕ್ಕನ ಗಂಡನಾದ ಮೇಲೆ ಅವರು ನನಗೆ ಭಾವ. ಇಬ್ಬರಿಗೂ ಒಬ್ಬನೇ ಮಗ. ಮನೆಯಲ್ಲಿ ಅವನನ್ನು 'ಮಾಣಿ' ಎಂದೇ ಕರೆಯುತ್ತಿದ್ದರು, ನನಗೂ ಅದೇ ರೂಢಿಯಾಯಿತು.

ಅಕ್ಕನ ಬಳಿ ಲೋಕವನ್ನು ಅಳೆಯಲು ಇದ್ದದ್ದು ಒಂದೇ ಅಳತೆ. ಉಂಡವರು ಚೆನ್ನಾಗಿದ್ದಾರೆ, ಉಣ್ಣದವರಿಗೆ ಏನೋ ಆಗಿದೆ. ನನ್ನ ಮಗಳು ಚಿಕ್ಕವಳಿದ್ದಾಗ ಅನ್ನ ಕಂಡರೆ ಮೂತಿ ತಿರುಗಿಸುತ್ತಿದ್ದಳು. ಅಕ್ಕ ಅವಳನ್ನು ಸೊಂಟದಲ್ಲಿ ಎತ್ತಿಕೊಂಡು ಹೋಗಿ, ಬೀದಿಯಲ್ಲಿ ಹೋಗುವ ದನ, ಬಸ್ಸು, ಪೊಲೀಸು ಎಲ್ಲ ತೋರಿಸಿ, ಬಟ್ಟಲು ಖಾಲಿ ಮಾಡಿಸಿ ತಂದು ಬಿಡುತ್ತಿದ್ದರು. "ನಿಮಗೆ ದೇವರಿಗಿಂತ ಹೊಟ್ಟೆ ಮೇಲೇ ಹೆಚ್ಚು ನಂಬಿಕೆ ಅಕ್ಕ" ಎಂದು ನಾನು ಕಿಚಾಯಿಸುತ್ತಿದ್ದೆ.

"ಮತ್ತೆ ಎಂತ ಇದೆ ಮಾರಾಯ್ತಿ ಮನುಷ್ಯಂಗೆ?" ಎನ್ನುತ್ತಿದ್ದರು ಅವರು.

ವಿಪರ್ಯಾಸವೆಂದರೆ ಅವರ ಸ್ವಂತ ಮಗನೇ ಸರಿಯಾಗಿ ಉಣ್ಣುತ್ತಿರಲಿಲ್ಲ. ಮಾಣಿ ಅನ್ನ ಕೆದಕಿ ಕೆದಕಿ ಅರ್ಧಕ್ಕೇ ಏಳುತ್ತಿದ್ದ ಹುಡುಗ. ಕಡ್ಡಿಯ ಹಾಗಿದ್ದ. ಬುದ್ಧಿ ಮಾತ್ರ ಚುರುಕು. ನನ್ನ ಮೆಷಿನ್ನಿನ ಬೆಲ್ಟ್ ಜಾರಿದರೆ ಅವನೇ ಬಂದು ಹಾಕಿಕೊಡುತ್ತಿದ್ದ, "ಚಿಕ್ಕಿ, ಇದಕ್ಕೆ ಎಣ್ಣೆ ಬಿಡದೆ ಎಷ್ಟು ಕಾಲ ಆಯ್ತು?" ಎಂದು ನನಗೇ ಗದರುತ್ತಿದ್ದ. ಅವನಿಗೆ ಘಟ್ಟದ ಕೆಳಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದಾಗ ಅಕ್ಕನಿಗೆ ಇದ್ದ ಚಿಂತೆ ಮೆಸ್ಸಿನ ಊಟದ್ದು. ಭಾವನ ಚಿಂತೆ ಬೇರೆ. ಅವರಿಗೆ ಕುಡಿತ ಎಂದರೆ ಆಗದು. ಶಾಲೆಯ ಹಿಂದೆ ಬೀಡಿ ಸೇದುವ ಹುಡುಗರನ್ನು ಹಿಡಿಯುವುದರಲ್ಲಿ ಅವರು ಹೆಸರುವಾಸಿ. ಕಾಲೇಜಿನ ಗೇಟಿನಿಂದ ಬಾರಿಗೆ ಎಷ್ಟು ದೂರ ಎಂದು ಅಡ್ಮಿಷನ್ ದಿನವೇ ನಡೆದು ನೋಡಿ ಬಂದಿದ್ದರಂತೆ. ಮಾಣಿ ರಜೆಗೆ ಬಂದಾಗಲೆಲ್ಲ ಅವನನ್ನು ಹತ್ತಿರ ಕೂರಿಸಿಕೊಂಡು ಪಾಠದ ಬಗ್ಗೆ ಏನಾದರೊಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಪಾಠ, ನೋಡುತ್ತಿದ್ದದ್ದು ಬಾಯಿಯ ವಾಸನೆ. "ಬಾಯಿ ಕ್ಲೀನ್ ಇದೆ" ಎಂದು ಅಕ್ಕನಿಗೆ ಹೇಳುವುದು ಗೋಡೆಯ ಈಚೆಗೆ ನನಗೂ ಕೇಳುತ್ತಿತ್ತು.

ಎರಡನೇ ವರ್ಷಕ್ಕೆ ಮಾಣಿ ಬದಲಾದ. ಬದಲಾದ ಎಂದರೆ, ಉಣ್ಣಲು ಕಲಿತ.

ಅಕ್ಕ ಆ ಸುದ್ದಿಯನ್ನು ಇಡೀ ಸಾಲುಮನೆಗೆ ಹಂಚಿದರು. ಬಸ್ಸಿನಿಂದ ಇಳಿದು ಬಂದವನೇ ನೇರ ಅಡುಗೆಮನೆಗೆ ಹೋಗಿ ನಿಂತನಂತೆ. ಕಡುಬಿನ ಮೇಲೆ ಕಡುಬು ತಿಂದನಂತೆ. ಸಿಹಿ ಮುಟ್ಟದವನು ಬೆಲ್ಲದ ಡಬ್ಬಿಗೇ ಕೈ ಹಾಕಿದನಂತೆ. ಉಂಡು ಮಲಗಿದರೆ ಮಧ್ಯಾಹ್ನ ಕಳೆದು ದೀಪ ಹಚ್ಚುವ ಹೊತ್ತಿಗೆ ಏಳುತ್ತಾನಂತೆ, ಎದ್ದು ಮತ್ತೆ ತಿನ್ನಲು ಕೇಳುತ್ತಾನಂತೆ. "ಒಳ್ಳೆ ನಗ್ತಾನೆ ಮಾರಾಯ್ತಿ ಈಗೀಗ. ಮೊದ್ಲೆಲ್ಲ ಮಂಕಾಗಿರ್ತಿದ್ದ, ಅಲ್ದಾ?" ಎಂದು ನನ್ನ ಮೆಷಿನ್ನಿನ ಪಕ್ಕ ಕೂತು, ರವಿಕೆಗೆ ಹುಕ್ಸ್ ಹೊಲಿಯುತ್ತಾ ಹೇಳುತ್ತಿದ್ದರು. ಇನ್ನೂ ಒಂದು ಸಂತೋಷ ಇತ್ತು. ಹುಡುಗನಿಗೆ ದೈವಭಕ್ತಿ ಬಂದಿದೆ. ರೂಮಿನಲ್ಲಿ ಹಚ್ಚಲು ಊದುಬತ್ತಿ ಬೇಕು ಎಂದು ಕೇಳಿದ್ದಾನೆ. ಅಕ್ಕ ಶೃಂಗೇರಿಗೆ ಹೋದಾಗಲೆಲ್ಲ ರಥಬೀದಿಯ ಅಂಗಡಿಯಿಂದ ಕಟ್ಟುಗಟ್ಟಲೆ ಊದುಬತ್ತಿ ತಂದು, ಹಪ್ಪಳದ ಡಬ್ಬಿಯ ಜೊತೆ ಕಟ್ಟಿ ಕಳಿಸುತ್ತಿದ್ದರು. ಆ ತಾಯಿಯ ಮುಖ ನೋಡಿದರೆ ನನಗೂ ಸಂತೋಷವೇ ಆಗುತ್ತಿತ್ತು.

ಆ ವರ್ಷ ಕಾಲೇಜಿನವರು ಪೋಷಕರ ಸಭೆ ಕರೆದರು. ಭಾವನಿಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಘಾಟಿ ಇಳಿಯುವಾಗ ಅಕ್ಕನಿಗೆ ತಲೆ ಸುತ್ತುತ್ತದೆ, ಒಬ್ಬರೇ ಹೋಗಲಾರರು. ಹಾಗಾಗಿ ಜೊತೆಗೆ ನಾನು ಹೊರಟೆ. ಬೆಳಿಗ್ಗೆ ಎದ್ದು ಬಿಸಿ ಕಡುಬು ಮಾಡಿ ಟಿಫಿನ್ ಕ್ಯಾರಿಯರಿನಲ್ಲಿ ತುಂಬಿಕೊಂಡಿದ್ದರು. ಆಗುಂಬೆಯ ತಿರುವುಗಳಲ್ಲಿ ಒಂದು ಕೈಯಲ್ಲಿ ಬಾಯಿಗೆ ಸೆರಗು, ಇನ್ನೊಂದು ಕೈಯಲ್ಲಿ ಕ್ಯಾರಿಯರ್. ನಾನು ಹಿಡಿದುಕೊಳ್ಳುತ್ತೇನೆಂದರೂ ಕೊಡಲಿಲ್ಲ.

ಸಭೆ ದೊಡ್ಡ ಹಾಲಿನಲ್ಲಿ ನಡೆಯಿತು. ಅಂಕ, ಹಾಜರಿ, ಫೀಸು ಎಲ್ಲ ಮುಗಿದ ಮೇಲೆ ಒಬ್ಬ ಡಾಕ್ಟರಮ್ಮ ಮಾತಿಗೆ ಎದ್ದರು. ಕುಡಿತದ ವಿಷಯದಿಂದ ಶುರುಮಾಡಿ ಗಾಂಜಾಕ್ಕೆ, ಮಾತ್ರೆಗೆ, ಪೌಡರಿಗೆ ಬಂದರು. ಒಂದೊಂದಾಗಿ ಹೇಳುತ್ತಾ ಹೋದರು. ಕಣ್ಣು ಕೆಂಪಾಗಿರುತ್ತದೆ. ಕಾರಣವಿಲ್ಲದೆ ನಗು ಬರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ. ಇದ್ದಕ್ಕಿದ್ದಂತೆ ವಿಪರೀತ ಹಸಿವು, ಅದರಲ್ಲೂ ಸಿಹಿಯ ಆಸೆ. ರೂಮಿನ ವಾಸನೆ ಮುಚ್ಚಲು ಕೆಲವರು ಊದುಬತ್ತಿ ಹಚ್ಚಿಡುತ್ತಾರೆ...

ನಾನು ಅಕ್ಕನ ಕಡೆ ತಿರುಗಲಿಲ್ಲ, ತಿರುಗಲು ಧೈರ್ಯ ಬರಲಿಲ್ಲ. ಅವರ ಮಡಿಲಲ್ಲಿದ್ದ ಕ್ಯಾರಿಯರಿನಿಂದ ಅರಿಶಿನ ಎಲೆಯ ಪರಿಮಳ ಬರುತ್ತಲೇ ಇತ್ತು.

ಆಮೇಲೆ ಪೋಷಕರು ಪ್ರಶ್ನೆ ಕೇಳಿದರು. ಒಬ್ಬರು, ಇದೆಲ್ಲ ಹೊರರಾಜ್ಯದ ಹುಡುಗರಿಂದ ಬರುವುದಲ್ಲವೇ ಎಂದರು. ಇನ್ನೊಬ್ಬರು ವಾಚ್‌ಮನ್‌ಗಳನ್ನು ಬದಲಾಯಿಸಿ ಎಂದರು. ಮತ್ತೊಬ್ಬರು, ಸಂಸ್ಕಾರ ಇರುವ ಮನೆಯ ಮಕ್ಕಳು ಹಾಗೆಲ್ಲ ಮಾಡುವುದಿಲ್ಲ ಎಂದಾಗ ಹಾಲಿನಲ್ಲಿ ಚಪ್ಪಾಳೆಯೇ ಬಿತ್ತು. ನನ್ನ ಮಗ ಹೀಗಿದ್ದಾನೆ, ಏನು ಮಾಡಲಿ ಎಂದು ಯಾರೂ ಕೇಳಲಿಲ್ಲ. ಅಷ್ಟು ಜನ ತಂದೆತಾಯಂದಿರು ಅಷ್ಟು ಹೊತ್ತು ಬೇರೆಯವರ ಮಕ್ಕಳ ಬಗ್ಗೆ ಮಾತಾಡಿ ಎದ್ದರು. ನನಗೆ ಸಿಟ್ಟು ಬಂತು. ಆದರೆ ಅವರೂ ಅಕ್ಕನಂತೆಯೇ ಹೆದರಿದ್ದರು ಎಂದು ಈಗ ಅನ್ನಿಸುತ್ತದೆ.

ಸಭೆಯ ನಂತರ ಮಾಣಿ ಬಂದ. ಕ್ಯಾಂಟೀನಿನ ಹಿಂದೆ ಗೋಳಿಮರದ ಕಟ್ಟೆಯ ಮೇಲೆ ಕೂತ. "ಅಮ್ಮ, ಕಡುಬಾ!" ಎಂದು ಕ್ಯಾರಿಯರ್ ಬಿಚ್ಚಿ ತಿನ್ನತೊಡಗಿದ. ಒಂದರ ಮೇಲೊಂದು ಎಲೆ ಬಿಡಿಸಿ ಬಿಡಿಸಿ ತಿಂದ. ನಡುವೆ ಏನೋ ನೆನೆಸಿಕೊಂಡು ತಾನೇ ನಕ್ಕ. ಅವನು ಉಣ್ಣುವಾಗ ಅಕ್ಕ ನಗದೇ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಯದೂ ಖಾಲಿಯಾದಾಗ ಅವನು ಎಲೆಗೆ ಅಂಟಿದ ಬೆಲ್ಲವನ್ನು ನೆಕ್ಕಿ, "ಇಷ್ಟೇ ತಂದಿದ್ದಾ?" ಎಂದ.

ವಾಪಸು ಬರುವಾಗ ಬಸ್ಸು ಘಾಟಿ ಹತ್ತಿದ ಮೇಲೆ ಅಕ್ಕ ತಾವಾಗಿಯೇ, "ಬೆಳೆಯೋ ಮಕ್ಕಳಿಗೆ ಹಸಿವಾಗದೆ ಮತ್ತೆ ಎಂತಾಗ್ತದೆ? ಆ ಡಾಕ್ಟರಮ್ಮಂಗೆ ಮಕ್ಕಳಿಲ್ವೋ ಎಂತೋ" ಎಂದರು. ನಾನು, "ಒಂದ್ಸಲ ಯಾರಿಗಾದ್ರೂ ತೋರಿಸಿ ಅಕ್ಕ, ತೋರಿಸಿದ್ರೆ ತಪ್ಪೇನು?" ಎಂದೆ. ಅವರು ಕಿಟಕಿಯ ಕಡೆ ಮುಖ ಮಾಡಿದರು.

ಆದರೂ ಅವರ ಮನಸ್ಸಿನೊಳಗೆ ಹುಳ ಹೊಕ್ಕಿತ್ತು. ಮುಂದಿನ ಸಲ ಮಾಣಿ ಬಂದಾಗ ಅವರು ತಮಗೆ ಗೊತ್ತಿದ್ದ ಪರೀಕ್ಷೆಯನ್ನೇ ಮಾಡಿದರು. ಸಂಜೆ ದೇವರ ಮುಂದೆ ದೀಪ ಹಚ್ಚಿ, ನನ್ನನ್ನೂ ಕರೆದು, ಮಗನನ್ನು ಎದುರಿಗೆ ಕೂರಿಸಿದರು. "ದೀಪ ಮುಟ್ಟಿ ಹೇಳು ಮಾಣಿ. ಅಂಥದ್ದು ಎಂತಾದ್ರೂ ಅಭ್ಯಾಸ ಇದ್ಯಾ ನಿಂಗೆ?"

ಮಾಣಿ ಒಂದು ಕ್ಷಣ ದೀಪವನ್ನು ನೋಡಿದ. ಆಮೇಲೆ ಅದರ ಬುಡ ಮುಟ್ಟಿ, "ಎಂತದೂ ಇಲ್ಲಮ್ಮ. ದೇವರಾಣೆ" ಎಂದ. ಎದ್ದು ನಿಂತು, "ತಿನ್ಲಿಕ್ಕೆ ಎಂತ ಇದೆ?" ಎಂದ.

ಅಕ್ಕನ ಮುಖ ಅರಳಿತು. ಅವರ ಮನೆತನದಲ್ಲಿ ದೀಪ ಮುಟ್ಟಿ ಹೇಳಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಜಮೀನಿನ ಜಗಳ ಕೂಡ ಹಾಗೇ ಬಗೆಹರಿದದ್ದಿದೆಯಂತೆ. ಅಲ್ಲಿಂದಾಚೆ ಅವನ ಕಣ್ಣು ಎಷ್ಟು ಕೆಂಪಾಗಿದ್ದರೂ ಅಕ್ಕ ನೋಡಿದ್ದು ಆ ದೀಪವನ್ನು ಮಾತ್ರ. ಕಾಲೇಜಿನಿಂದ ಬಂದ ಫೋನುಗಳಿಗೂ ಅದೇ ಉತ್ತರ. ನಮ್ಮ ಹುಡುಗ ದೀಪ ಮುಟ್ಟಿದ್ದಾನೆ.

ಮುಂದಿನ ವರ್ಷ ಹಾಸ್ಟೆಲಿನವರು ಅವನ ರೂಮಿನಲ್ಲಿ ಮಾತ್ರೆಗಳನ್ನು ಹಿಡಿದು, ಮನೆಗೆ ಕರೆದುಕೊಂಡು ಹೋಗಿ ಎಂದರು. ಭಾವ ಹೋಗಿ ಕರೆತಂದರು. ಬೆಳಿಗ್ಗೆ ಬಸ್ಸಿಳಿದು ಬರುವಾಗ ಬೀದಿಯಲ್ಲಿ ಯಾರೋ, "ಎಂತ ಮೇಷ್ಟ್ರೇ, ಮಗ ಸೊರಗಿದ್ದಾನಲ್ಲ?" ಎಂದು ಕೇಳಿದರು. ಭಾವನ ಬಾಯಿಂದ ಆ ಕ್ಷಣಕ್ಕೆ ಬಂದದ್ದು, "ಕಾಮಾಲೆ ಮಾರಾಯ".

ಕಾಮಾಲೆ ಎಂದರೆ ನಮ್ಮ ಕಡೆ ಯಾರೂ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳುವುದಿಲ್ಲ. ಅದಕ್ಕೆ ನಾಟಿ ಮದ್ದೇ ಸರಿ ಎಂಬುದರಲ್ಲಿ ಎಲ್ಲರೂ ಒಂದೇ. ಭಾವ ಅದನ್ನು ಎಣಿಸಿಯೇ ಹೇಳಿದರೋ, ಬಾಯಿಗೆ ಬಂದದ್ದೋ, ಅದು ಅವರಿಗೇ ಗೊತ್ತು. ಆದರೆ ಸುಳ್ಳಿನ ಹಿಂದೆ ಊರಿನ ಪ್ರೀತಿಯೆಲ್ಲ ಹರಿದುಬಂತು. ಕಡಹಿನಬೈಲಿನಿಂದ ಯಾರೋ ನೆಲನೆಲ್ಲಿ ಗಿಡದ ಕಂತೆ ತಂದರು. ಸೀತೂರಿನಿಂದ ಅಕ್ಕನ ನಾದಿನಿ ಬಾಟಲಿಯಲ್ಲಿ ಕಷಾಯ ಕಳಿಸಿದರು. ಬಂದವರೆಲ್ಲ ಮಾಣಿಯ ಕಣ್ಣಿನ ರೆಪ್ಪೆ ಎಳೆದು ನೋಡಿ, "ಹೌದು, ಹಳದಿ ಇದೆ" ಎಂದು ತಲೆದೂಗಿದರು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಉಪ್ಪಿಲ್ಲದ ಗಂಜಿ. ಬಂದವರ ಎದುರು ಪಥ್ಯ ತಪ್ಪುವಂತಿಲ್ಲ. ಊರಿಗೆಲ್ಲ ಬಡಿಸಿ ಹಿಗ್ಗಿದ ಕೈ ಮಗನಿಗೆ ಸಪ್ಪೆ ಗಂಜಿ ಎರೆಯುತ್ತಿತ್ತು. ಅವನು ನಡುಗುತ್ತಿದ್ದ, ಬೆವರುತ್ತಿದ್ದ, ಕುಡಿದ ಕಷಾಯವನ್ನು ವಾಂತಿ ಮಾಡುತ್ತಿದ್ದ. ಗೋಡೆಯ ಈಚೆಗೆ ಅವನ ನರಳಾಟ ಕೇಳುತ್ತಿದ್ದರೆ ನನಗೆ ಮೆಷಿನ್ ತುಳಿಯಲು ಕಾಲು ಬರುತ್ತಿರಲಿಲ್ಲ.

ನಾನು ಭಾವನ ಹತ್ತಿರವೇ ಹೋಗಿ ಹೇಳಿದೆ. "ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗಿ ಭಾವ. ಇದು ಕಷಾಯಕ್ಕೆ ಹೋಗೋದಲ್ಲ."

ಅವರು ತಲೆ ಎತ್ತಲಿಲ್ಲ. "ಅಲ್ಲಿ ವೆಯ್ಟಿಂಗ್ ಹಾಲಲ್ಲಿ ನನ್ನ ಹಳೇ ಸ್ಟೂಡೆಂಟ್ ಯಾರಾದ್ರೂ ಸಿಕ್ರೆ ಎಂತ ಹೇಳ್ಲಿ?" ಎಂದರು. ಬೀಡಿ ಸೇದಿದ ಹುಡುಗರ ತಂದೆಯರನ್ನು ಶಾಲೆಗೆ ಕರೆಸಿ ನಿಲ್ಲಿಸುತ್ತಿದ್ದ ಮೇಷ್ಟ್ರು ಅವರು. ಆ ದಿನ ಅವರ ಮೇಲೆ ಕೋಪ ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ.

ಅಕ್ಕನ ಸಂಕಟ ಬೇರೆಯೇ ಆಗಿತ್ತು. ಸುಳ್ಳು ಆಣೆ ಹಾಕಿದ್ದರಿಂದಲೇ ಮಗನಿಗೆ ಹೀಗಾಗುತ್ತಿದೆ, ದೀಪ ಮುಟ್ಟಿಸಿದವಳು ನಾನೇ ಎಂದು ಕೊರಗುತ್ತಿದ್ದರು. ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರಿಗೆ ತಪ್ಪುಕಾಣಿಕೆ ತೆಗೆದಿಟ್ಟರು. ಒಂದು ಗುಡಿ ಮುಗಿದರೆ ಇನ್ನೊಂದು. ಹೀಗೆ ತಿಂಗಳುಗಳು ಹೋದವು. ಔಷಧಿ ಕೊಡಿಸಬೇಕಾಗಿದ್ದ ತಿಂಗಳುಗಳು ಅವು.

ಮೆಲ್ಲಗೆ ನಡುಕ ನಿಂತಿತು. ಮಾಣಿ ಅಂಗಳದಲ್ಲಿ ಕಾಣಿಸಿಕೊಂಡ. ಕಾಮಾಲೆ ಇಳಿಯಿತು ಎಂದು ಊರವರು ತಮ್ಮ ತಮ್ಮ ಮದ್ದಿನ ಬೆನ್ನು ತಟ್ಟಿಕೊಂಡರು. ಪೇಟೆಗೆ ಹೋಗಿ ಬರುವಷ್ಟಾದ. ಆದರೆ ಅವನಿಗೆ ಹಸಿವೆಂಬುದೇ ಇರಲಿಲ್ಲ, ಮೊದಲಿನಂತೆ ಅನ್ನ ಕೆದಕಿ ಏಳುತ್ತಿದ್ದ.

ಒಂದು ಮಧ್ಯಾಹ್ನ ನಾನು ಬಟ್ಟೆ ಕತ್ತರಿಸುತ್ತಿದ್ದೆ. ಅಕ್ಕ ಬಂದು ಮೆಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತರು. ಕೈಗೆ ಹಿಟ್ಟು ಅಂಟಿತ್ತು, ತೊಳೆದಿರಲಿಲ್ಲ.

"ಇವತ್ತು ಮಾಣಿ ಹೊಟ್ಟೆ ತುಂಬ ತಿಂದ" ಎಂದರು.

ನಾನು ಕತ್ತರಿ ಕೆಳಗಿಟ್ಟೆ.

"ಕಡುಬು ಕೇಳಿ ಮಾಡಿಸ್ಕೊಂಡು ತಿಂದ. ಮತ್ತೊಂದು ಹಾಕು ಅಮ್ಮ, ಮತ್ತೊಂದು ಹಾಕು ಅಂದ..." ಎನ್ನುತ್ತಾ ಆ ಹಿಟ್ಟಿನ ಕೈಗಳಲ್ಲೇ ಮುಖ ಮುಚ್ಚಿ ಅತ್ತರು. ಮಗ ಹೊಟ್ಟೆ ತುಂಬ ಉಂಡನೆಂದು ಒಬ್ಬ ತಾಯಿ ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಮ್ಮ ಕೊಪ್ಪದಲ್ಲೇ ಅವನಿಗೆ ಆ ಗಾಂಜಾ ಸಿಕ್ಕಿತ್ತು. ಘಟ್ಟ ಇಳಿಯುವ ಅಗತ್ಯವೂ ಇರಲಿಲ್ಲ. ಅವತ್ತು ಅಕ್ಕ ದೀಪದ ಮಾತು ಎತ್ತಲಿಲ್ಲ, ಕಣ್ಣೊರೆಸಿಕೊಂಡು, "ಆ ಆಸ್ಪತ್ರೆ ಎಲ್ಲಿದೆ ಹೇಳು" ಎಂದರು. ಭಾವನ ಮಾತಿಗೆ ಕಾಯದೆ ಮರುದಿನವೇ ಮಗನನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು.

ಅಲ್ಲಿಂದ ಮುಂದೆ ಹೇಳುವುದಕ್ಕೆ ಹೆಚ್ಚಿಲ್ಲ. ಆಸ್ಪತ್ರೆ, ವಾಪಸು, ಸ್ವಲ್ಪ ಕಾಲ ಸರಿ, ಮತ್ತೆ ಆಸ್ಪತ್ರೆ. ಕಾಲೇಜು ಅರ್ಧಕ್ಕೇ ನಿಂತಿತು. ಕೊನೆಗೊಮ್ಮೆ ಅವನು ಬಿಟ್ಟ. ಬಿಟ್ಟು ಒಂದು ವರ್ಷದ ಮೇಲಾಯಿತು ಎಂದು ಅಕ್ಕ ಮೆಲ್ಲಗೆ, ಯಾರಿಗೂ ಕೇಳಬಾರದೆಂಬಂತೆ ನನಗೆ ಹೇಳಿದ್ದರು. ಆದರೆ ಅಷ್ಟರಲ್ಲಿ ಅವರೇ ಸವೆದುಹೋಗಿದ್ದರು. ಮಗನಿಗೆ ಬಡಿಸುವಾಗ ಅವನ ತಟ್ಟೆ ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದರು. ಬಿ.ಪಿ. ಏರಿ ತಲೆಯಲ್ಲಿ ರಕ್ತನಾಳ ಒಡೆದು, ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಬಿದ್ದರು. ಆಮೇಲೆ ಏಳಲಿಲ್ಲ.

ವೈಕುಂಠ ಸಮಾರಾಧನೆಯ ಊಟಕ್ಕೆ ನಾನೂ ಹೋಗಿದ್ದೆ. ಅಕ್ಕನಿಗೆ ಪ್ರಿಯ ಎಂದು ಅಡುಗೆಯವರಿಂದ ಅರಿಶಿನ ಎಲೆಯ ಕಡುಬು ಮಾಡಿಸಿದ್ದರು. ಕರ್ಮದ ದಿನಗಳಲ್ಲೆಲ್ಲ ಒಪ್ಪೊತ್ತು ಉಂಡು, ತಲೆ ಬೋಳಿಸಿಕೊಂಡು, ಮಾಣಿ ಇನ್ನಷ್ಟು ಕಡ್ಡಿಯಾಗಿದ್ದ. ನನ್ನ ಎದುರಿನ ಪಂಕ್ತಿಯ ತುದಿಯಲ್ಲಿ ಕೂತಿದ್ದ. ಕಡುಬು ಬಂತು. ಎಲೆ ಬಿಡಿಸಿ ತಿಂದ. ಬಡಿಸುವವರು ಎರಡನೇ ಸಲ ಬಂದಾಗ ತಲೆ ಎತ್ತಿ, "ಇನ್ನೊಂದು ಹಾಕಿ" ಎಂದ.

ಬಡಿಸುವವರ ಕೈ ಅರೆಗಳಿಗೆ ತಡೆಯಿತು. ಅಲ್ಲಿ ಕೂತವರೆಲ್ಲ, ಕಾಮಾಲೆ ಎಂದು ನಂಬಿದಂತೆ ನಟಿಸಿದವರು, ಕಷಾಯ ಕಳಿಸಿದವರು, ಭಾವ ಕೂಡ, ಅವನ ಕಣ್ಣು ನೋಡಿದರು. ನಾನೂ ನೋಡಿದೆ. ಕಣ್ಣು ಕೆಂಪಾಗಿತ್ತು... ತಾಯಿ ಸತ್ತ ಮಗನ ಕಣ್ಣು ಇನ್ನು ಹೇಗಿರಬೇಕಿತ್ತು?

ಮಾಣಿ ಎಲ್ಲರನ್ನೂ ಒಮ್ಮೆ ನೋಡಿದ. ಎಲೆಯ ಮೇಲೆ ಅಡ್ಡ ಕೈ ಹಿಡಿದ. "ಬೇಡ, ಸಾಕು" ಎಂದ.

ವರ್ಷ ಕಳೆಯುವುದರೊಳಗೆ ಭಾವ ನಿವೃತ್ತರಾಗಿ ಮನೆ ಬಿಟ್ಟು ತಮ್ಮನ ಊರಿಗೆ ಹೋದರು. ಮಾಣಿ ನರಸಿಂಹರಾಜಪುರದಲ್ಲಿ ಒಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಹೋದ ವರ್ಷ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಗುರುತು ಹಿಡಿದು, "ಚಿಕ್ಕಿ, ಮೆಷಿನ್ನಿಗೆ ಎಣ್ಣೆ ಬಿಡ್ತಿದ್ದೀರಾ?" ಎಂದು ನಕ್ಕ. ಹೋಟೆಲಿಗೆ ಕರೆದೆ, ತಿಂಡಿ ತಿನ್ನೋಣ ಬಾ ಎಂದೆ. "ನನ್ನದಾಯ್ತು ಚಿಕ್ಕಿ" ಎಂದ. ಊಟದ ಹೊತ್ತಿನ್ನೂ ಆಗಿರಲಿಲ್ಲ. ಅವನು ಯಾರ ಎದುರಿಗೂ ಉಣ್ಣುವುದಿಲ್ಲವೆಂದು ಪಕ್ಕದ ಅಂಗಡಿಯವರು ಆಮೇಲೆ ಹೇಳಿದರು. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಬುತ್ತಿ ಬಿಚ್ಚುತ್ತಾನಂತೆ.

ಮೊನ್ನೆ ಭಾನುವಾರ ಇದೆಲ್ಲ ನೆನಪಾಗಿ ನಿಂತಿದ್ದಾಗ ಮಗಳೇ ಬಂದು ತಟ್ಟೆ ತೆಗೆದುಕೊಂಡಳು. ಅಡುಗೆಕಟ್ಟೆಯ ಮೇಲೆ ಹತ್ತಿ ಕೂತು, ಬಾಯಿ ಸುಟ್ಟುಕೊಳ್ಳುತ್ತಾ ತಿಂದಳು. ಚಿಕ್ಕವಳಿದ್ದಾಗ ಅನ್ನಕ್ಕೆ ಮೂತಿ ತಿರುಗಿಸುತ್ತಿದ್ದ ಹುಡುಗಿ. ಅಕ್ಕ ಇದ್ದಿದ್ದರೆ ಇದನ್ನು ನೋಡಲು ಇಡೀ ಸಾಲುಮನೆಯನ್ನು ಕರೆಯುತ್ತಿದ್ದರು.

"ಅಮ್ಮಾ, ಇನ್ನೊಂದು" ಎಂದು ಮಗಳು ತಟ್ಟೆ ಚಾಚಿದಳು.

ನಾನು ಕಡುಬು ಎತ್ತಿದೆ. ತಟ್ಟೆಗೆ ಹಾಕುವ ಮೊದಲು ಅವಳ ಕಣ್ಣು ನೋಡಿದೆ.

"ಎಂತ ಅಮ್ಮ, ಹಾಗೆ ನೋಡ್ತೀ?"

"ಎಂತದೂ ಇಲ್ಲ, ತಿನ್ನು" ಎಂದೆ.